ಫೋನಿನಲ್ಲಿರುವ ನಂಬರ್ ಕಂಪ್ಯೂಟರಿನಲ್ಲಿ ಏಕಿಲ್ಲ?

ಮಕ್ಕಳೇ, ಅಜ್ಜ-ಅಜ್ಜಿಯರೇ, ನಿಮ್ಮ ಮನೆಯ ಫೋನಿನಲ್ಲಿ ಎಷ್ಟು ಜನರ ನಂಬರುಗಳಿವೆ? ಅವುಗಳಲ್ಲಿ ಎಷ್ಟು ನಿಮಗೆ ಬಾಯಿಪಾಠ ಬರುತ್ತವೆ? ಹಿಂದೆ ಗೋಡೆಯ ಕ್ಯಾಲೆಂಡರಿನ ಮೇಲೆ, ಡೈರಿಯ ಕೊನೆಯ ಪುಟದಲ್ಲಿ ಬರೆದಿಡುತ್ತಿದ್ದೆವು. ಈಗ ಎಲ್ಲವೂ ಫೋನಿನೊಳಗೆ. ಅದು ನೀರಿಗೆ ಬಿದ್ದರೆ ಬಂಧುಬಳಗವೆಲ್ಲ ಅದರ ಜೊತೆಗೇ ಮುಳುಗಿದಂತೆ! ಆದ್ದರಿಂದ ಅದೇ ಪಟ್ಟಿ ಕಂಪ್ಯೂಟರಿನಲ್ಲೂ ಸಿಗುವಂತಿರಬೇಕು. ಎರಡೂ ಕಡೆ ಪಟ್ಟಿ ಒಂದೇ ಇರುವಂತೆ ನೋಡಿಕೊಳ್ಳುವ ಕೆಲಸಕ್ಕೆ ‘ಸಿಂಕ್’ ಎನ್ನುತ್ತಾರೆ.

1996ರಲ್ಲಿ ಪಾಮ್ ಕಂಪನಿಯ ‘ಪೈಲಟ್’ ಎಂಬ ಅಂಗೈ ಯಂತ್ರ ಬಂದಾಗ, ಅದನ್ನು ಕಂಪ್ಯೂಟರಿಗೆ ವೈರಿನಿಂದ ಜೋಡಿಸಿದ ಪುಟ್ಟ ತೊಟ್ಟಿಲಲ್ಲಿ ಕೂರಿಸಿ ಗುಂಡಿ ಒತ್ತಬೇಕಿತ್ತು. ಈಗ ತೊಟ್ಟಿಲೂ ಬೇಡ, ವೈರೂ ಬೇಡ. ಇಂಟರ್ನೆಟ್ ಇದ್ದರೆ ಸಾಕು, ತಾನಾಗಿಯೇ ನಡೆಯುತ್ತದೆ. ನಡೆಯದಿದ್ದರೆ?

ಹಾಸನದಲ್ಲಿರುವ ನಮ್ಮ ದೊಡ್ಡಮ್ಮನ ಆಂಡ್ರಾಯ್ಡ್ ಫೋನಿನ ಪರದೆ ಬಿರುಕು ಬಿಟ್ಟಿತ್ತು. ಹೊಸ ಫೋನ್ ಕೊಳ್ಳುವ ಮೊದಲು ನಂಬರುಗಳನ್ನು ನೋಡೋಣವೆಂದು ಕಂಪ್ಯೂಟರಿನಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ತೆರೆದೆವು. ಫೋನಿನಲ್ಲಿ 212 ಹೆಸರು. ಇಲ್ಲಿ ಕಂಡದ್ದು ಬರೀ 37! ಕಾಣದವರಲ್ಲಿ ದೊಡ್ಡಪ್ಪನ ಹಳೆಯ ಸ್ನೇಹಿತರೂ ಇದ್ದರು. ದೊಡ್ಡಪ್ಪ ಈಗಿಲ್ಲ. ಆ ನಂಬರುಗಳು ಹೋದರೆ ಮತ್ತೆ ಯಾರನ್ನು ಕೇಳುವುದು?

ಏಳನೇ ತರಗತಿಯ ಮೊಮ್ಮಗಳು ಪತ್ತೇದಾರಿಕೆಗೆ ಇಳಿದಳು. “ಅಜ್ಜಿ, ನಿಮಗೆ ಎಷ್ಟು ಮೇಲ್ ಐಡಿ ಇವೆ?” “ಒಂದೇ ಕಣೇ ಪುಟ್ಟಿ, ನಿಮ್ಮಪ್ಪ ಮಾಡಿಕೊಟ್ಟಿದ್ದು.” ಫೋನಿನಲ್ಲೂ ಕಂಪ್ಯೂಟರಿನಲ್ಲೂ ಅದೇ ಖಾತೆ ಇತ್ತು. ಸೆಟ್ಟಿಂಗ್ಸ್‌ನಲ್ಲಿ ಖಾತೆಯ ಹೆಸರು ಒತ್ತಿ ನೋಡಿದರೆ, ಕಾಂಟ್ಯಾಕ್ಟ್ಸ್ ಸಿಂಕ್ ಕೂಡ ಆನ್ ಆಗಿತ್ತು. ಇಂಟರ್ನೆಟ್ಟೂ ಸರಿಯಿತ್ತು. ಹಾಗಾದರೆ ಉಳಿದವರು ಎಲ್ಲಿ?

ಗುಟ್ಟು ಇಲ್ಲಿದೆ. ಒಂದು ನಂಬರನ್ನು ಮೂರು ಕಡೆ ಉಳಿಸಬಹುದು: ಸಿಮ್ ಕಾರ್ಡಿನಲ್ಲಿ, ಫೋನಿನ ಮೆಮೊರಿಯಲ್ಲಿ ಅಥವಾ ಗೂಗಲ್ ಖಾತೆಯಲ್ಲಿ. ಫೋನಿನ ಪರದೆ ಮೂರನ್ನೂ ಒಟ್ಟಿಗೆ ತೋರಿಸುತ್ತದೆ. ಕಂಪ್ಯೂಟರಿಗೆ ಹೋಗುವುದು ಖಾತೆಯಲ್ಲಿರುವುದು ಮಾತ್ರ. ದೊಡ್ಡಮ್ಮನ 58 ನಂಬರು ಸಿಮ್‌ನಲ್ಲಿ, 117 ಫೋನಿನ ಮೆಮೊರಿಯಲ್ಲಿ ಕುಳಿತಿದ್ದವು.

ಮೊದಲು ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ‘ಎಕ್ಸ್‌ಪೋರ್ಟ್’ ಒತ್ತಿ ಇಡೀ ಪಟ್ಟಿಯನ್ನು ಒಂದು ಫೈಲ್ ಮಾಡಿ, ಕಂಪ್ಯೂಟರಿಗೆ ನಕಲು ಮಾಡಿಟ್ಟೆವು. ಏನೇ ಎಡವಟ್ಟಾದರೂ ಇದೊಂದು ಉಳಿಯುತ್ತದೆ. ಆಮೇಲೆ ‘ಇಂಪೋರ್ಟ್’ ಒತ್ತಿ ಸಿಮ್‌ನ ನಂಬರುಗಳನ್ನು ಗೂಗಲ್ ಖಾತೆಗೆ ತಂದೆವು. ಫೋನಿನ ಮೆಮೊರಿಯಲ್ಲಿರುವುದನ್ನೂ ಸಿಂಕ್ ಮಾಡುವ ಸ್ವಿಚ್ ಅದೇ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿದೆ; ಅದನ್ನು ಆನ್ ಮಾಡಿದೆವು. ಸ್ವಲ್ಪ ಹೊತ್ತಿಗೆ ಕಂಪ್ಯೂಟರಿನಲ್ಲಿ 212 ಹೆಸರೂ ಬಂದವು. ಫೋನಿನಿಂದ ಫೋನಿಗೆ ಈ ಗುಂಡಿಗಳ ಹೆಸರು, ಜಾಗ ಸ್ವಲ್ಪ ಬದಲಾಗಬಹುದು.

ಒಂದು ತಮಾಷೆ ಉಳಿದಿತ್ತು. ಸಿಮ್‌ನಿಂದ ಬಂದ ಕೆಲವು ಹೆಸರುಗಳಿಗೆ ಬಾಲವೇ ಇರಲಿಲ್ಲ. ‘ಕೃಷ್ಣಮೂ’ ಎಂದು ಇಬ್ಬರಿದ್ದರು! ಸಿಮ್‌ನಲ್ಲಿ ಹೆಸರಿಗೆ ಸಿಗುವ ಜಾಗ ಬಹಳ ಚಿಕ್ಕದು. ‘ಕೃಷ್ಣಮೂರ್ತಿ’ ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಯಂತ್ರವೋ ಒತ್ತು, ಗುಣಿತಗಳನ್ನೆಲ್ಲ ಬಿಡಿಸಿ 11 ಎಂದು ಎಣಿಸುತ್ತದೆ. ಅದರಲ್ಲಿ ಒಂದೊಂದಕ್ಕೂ ಇಂಗ್ಲಿಷ್ ಅಕ್ಷರದ ಎರಡರಷ್ಟು ಜಾಗ ಬೇಕು. ಕನ್ನಡ ಹೆಸರು ಅರ್ಧಕ್ಕೇ ತುಂಡಾಗುವುದು ಹೀಗೆ. ದೊಡ್ಡಮ್ಮ ಕೊನೆಯ ಅಂಕಿಗಳನ್ನು ನೋಡಿಯೇ ಹೇಳಿದರು: “ಇವನು ಹಾಲಿನವನು. ಇವರು ನಿಮ್ಮ ತಾತನ ಸ್ನೇಹಿತರು.” ಅದು ಯಾವ ಕಂಪ್ಯೂಟರಿಗೂ ಗೊತ್ತಿರಲಿಲ್ಲ ನೋಡಿ.

ಇನ್ನು ಎರಡು ಎಚ್ಚರಿಕೆ. ಸಿಂಕ್ ಎಂದರೆ ಎರಡೂ ಕಡೆಯ ದಾರಿ. ಕಂಪ್ಯೂಟರಿನಲ್ಲಿ ಅಳಿಸಿದರೆ ಫೋನಿನಲ್ಲೂ ಅಳಿಸುತ್ತದೆ. ಹಾಗೆ ಅಳಿಸಿದ್ದು ಗೂಗಲ್ ಕಾಂಟ್ಯಾಕ್ಟ್ಸ್‌ನ ಕಸದಬುಟ್ಟಿಯಲ್ಲಿ 30 ದಿನ ಇರುತ್ತದೆ. ಅಷ್ಟರೊಳಗೆ ವಾಪಸು ಪಡೆಯಬಹುದು. ಎರಡನೆಯದು, ಬೇರೆಯವರ ಕಂಪ್ಯೂಟರಿನಲ್ಲಿ ಖಾತೆ ತೆರೆದರೆ ಕೆಲಸ ಮುಗಿದ ಕೂಡಲೇ ಲಾಗ್ ಔಟ್ ಆಗಿ. ಪಾಸ್‌ವರ್ಡ್, ಓಟಿಪಿಗಳನ್ನು ಫೋನ್ ಮಾಡಿ ಕೇಳಿದವರಿಗೆ ಹೇಳಬೇಡಿ.

ಮಕ್ಕಳೇ, ಈ ಭಾನುವಾರ ನಿಮಗೊಂದು ಕೆಲಸ. ಅಜ್ಜ-ಅಜ್ಜಿಯ ಪಕ್ಕ ಕುಳಿತು, ಅವರನ್ನು ಕೇಳಿಕೊಂಡೇ, ಅವರ ಪಟ್ಟಿ ಎಲ್ಲೆಲ್ಲಿದೆ ಎಂದು ಪತ್ತೆ ಮಾಡಿ. ಜೊತೆಗೆ ತೀರಾ ಬೇಕಾದ ಹತ್ತು ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿ. ಎಲ್ಲಕ್ಕಿಂತ ಮೇಲೆ ತುರ್ತು ಸಹಾಯದ 112 ಇರಲಿ. ಕರೆಂಟು ಹೋದರೂ ಕಾಗದ ಓದಲು ಬರುತ್ತದೆ!