ಕಾಳಿನೊಳಗಿನ ನೀರು

ಒಲೆಯ ಮೇಲೆ ಮುಸುಕಿನ ಜೋಳವು ಚಟಪಟನೆ ಸಿಡಿದು ಅರಳುವಾಗ ‘ಇದು ಏಕೆ ಹೀಗೆ ಹಾರುತ್ತದೆ?’ ಎಂದು ಕೇಳದ ಮಗುವಿಲ್ಲ. ‘ಕಾದರೆ ಹಾರುತ್ತದೆ, ಸುಮ್ಮನಿರು’ ಎಂದುಬಿಡುವುದು ಸುಲಭ. ಆದರೆ ಬಸವನಗುಡಿಯ ಪರಿಷೆಯಲ್ಲಿ ಹುರಿದ ಕಡಲೆಕಾಯಿಯನ್ನು ತಿಂದ ಮಗುವು ಆ ಉತ್ತರವನ್ನು ಒಪ್ಪಲಾರದು. ಕಡಲೆಕಾಯಿಯೂ ಕಾಯುತ್ತದೆ, ಅರಳುವುದಿಲ್ಲವಷ್ಟೆ. ಹೀಗೆ ಒಮ್ಮೆ ಬಾಯಿ ಮುಚ್ಚಿಸಿದ ಮಗುವು ಮರುದಿನ ಪ್ರಶ್ನೆಯನ್ನೇ ಕೇಳದೆ ಹೋಗಬಹುದು. ಆದುದರಿಂದ ಈ ತಿಂಗಳು ಸರಿಯಾದ ಉತ್ತರವನ್ನು ವಾಚಕರ ಮುಂದಿಡುತ್ತೇವೆ.

ಅರಳು ನಮಗೆ ಹೊಸದಲ್ಲ. ಮದುವೆಯ ಲಾಜಾಹೋಮಕ್ಕೆ ಬತ್ತದ ಅರಳು ಬೇಕು. ಉತ್ತರ ಕರ್ನಾಟಕದಲ್ಲಿ ನಾಗರಪಂಚಮಿಗೆ ಜೋಳದ ಅರಳು. ನಮ್ಮ ಕಡೆ ರಾಗಿಯನ್ನು ಅರಳಿಸಿ ಬೀಸಿದ ಹುರಿಹಿಟ್ಟು. ಮುಸುಕಿನ ಜೋಳವು ಅಮೆರಿಕ ಖಂಡದಿಂದ ಬಂದುದು. ಪೆರು ದೇಶದ ಕರಾವಳಿಯ ಜನರು ಸುಮಾರು 6,700 ವರ್ಷಗಳ ಹಿಂದೆಯೇ ಅದನ್ನು ಅರಳಿಸಿ ತಿನ್ನುತ್ತಿದ್ದ ಕುರುಹುಗಳು ದೊರೆತಿವೆ. ಧಾನ್ಯಗಳು ಬೇರೆಯಾದರೂ ಅರಳುವ ಮರ್ಮವು ಬಹುಮಟ್ಟಿಗೆ ಒಂದೇ.

ಆ ಮರ್ಮವೇ ನೀರು. ಒಣಗಿದಂತೆ ಕಾಣುವ ಕಾಳಿನಲ್ಲಿಯೂ ನೂರಕ್ಕೆ ಸುಮಾರು 14 ಪಾಲು ನೀರಿರುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ನಮ್ಮ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಶಾಖದಲ್ಲಿ ಕುದಿಯುತ್ತದೆ. ಕಾಳಿನೊಳಗಿನ ಆವಿಗಾದರೋ ಹೊರದಾರಿಯಿಲ್ಲ. ಗಟ್ಟಿಯಾದ ಸಿಪ್ಪೆಯು ಅದನ್ನು ತಡೆದಿರುತ್ತದೆ. ಕೂಗಲು ದಾರಿಯಿಲ್ಲದ ಕುಕ್ಕರಿನಂತೆ ಒತ್ತಡವು ಏರುತ್ತ ಹೋಗಿ, 180 ಡಿಗ್ರಿಯ ಹೊತ್ತಿಗೆ ಹೊರಗಿನ ಗಾಳಿಯ ಒತ್ತಡದ ಒಂಬತ್ತರಷ್ಟಾಗುತ್ತದೆ. ಅಷ್ಟರಲ್ಲಿ ಒಳಗಿನ ಹಿಟ್ಟು ಗಂಜಿಯಂತೆ ಮೆತ್ತಗಾಗಿರುತ್ತದೆ. ಸಿಪ್ಪೆಯು ಒಡೆದೊಡನೆ ಆವಿಯು ಹಿಗ್ಗಿ ಆ ಹಿಟ್ಟನ್ನು ನೊರೆಯಂತೆ ಉಬ್ಬಿಸುತ್ತದೆ. ನೊರೆಯು ತಣಿದು ಬಿಳಿಯ ಹೂವಾಗಿ ನಿಲ್ಲುತ್ತದೆ.

ಮಕ್ಕಳೇ ಇದನ್ನು ಪರೀಕ್ಷಿಸಲಿ. ಕೆಂಡದಲ್ಲಿ ಸುಡುವ ಹಸಿ ತೆನೆಯ ಕಾಳು ಇದಕ್ಕೆ ಒದಗದು. ಅರಳಿಸುವುದಕ್ಕೆಂದೇ ಮಾರುವ ಸಣ್ಣ ಗಟ್ಟಿ ಕಾಳು ಬೇಕು. ಐವತ್ತೈವತ್ತು ಕಾಳಿನ ಮೂರು ಪಾಲು ಮಾಡಿರಿ. ಮೊದಲನೆಯದು ಇದ್ದಂತೆಯೇ ಇರಲಿ. ಎರಡನೆಯದರ ಸಿಪ್ಪೆಯನ್ನು ದೊಡ್ಡವರು ಚಾಕುವಿನ ಮೊನೆಯಿಂದ ಗೀರಿಕೊಡಲಿ. ಮೂರನೆಯದನ್ನು ಎಂಟು ದಿನ ಬಿಸಿಲಿನಲ್ಲಿ ಒಣಗಿಸಿರಿ. ಯಾವುದು ಎಷ್ಟು ಅರಳೀತೆಂದು ಮಗುವು ಮೊದಲು ಊಹಿಸಿ ಹೇಳಲಿ, ಆಮೇಲೆ ಎಣಿಸಲಿ. ಗೀರಿದ ಕಾಳಿನಿಂದ ಆವಿಯು ಸೋರಿಹೋಗುತ್ತದೆ; ಒಣಗಿದ ಕಾಳಿನಲ್ಲಿ ಆವಿಯಾಗಲು ನೀರೇ ಸಾಲದು.

ದಪ್ಪ ತಳದ ಪಾತ್ರೆಯಲ್ಲಿ ಸ್ವಲ್ಪ ಎಣ್ಣೆ ಕಾಯಿಸಿ, ಮೊದಲು ಎರಡು ಕಾಳು ಹಾಕಿರಿ. ಅವು ಸಿಡಿದ ಮೇಲೆ ಉಳಿದುದನ್ನು ಹಾಕಿ ಮುಚ್ಚಿರಿ. ಆವಿ ಹೋಗುವಷ್ಟು ಸಂದು ಇರಲಿ. ಉರಿಯು ತೀರ ಮಂದವಾದರೆ ಆವಿಯು ಕಾಳಿನ ತೊಟ್ಟಿನ ಕಡೆಯಿಂದ ಮೆಲ್ಲನೆ ಜಾರಿಹೋಗುತ್ತದೆ. ಒಲೆಯ ಬಳಿ ದೊಡ್ಡವರೇ ಇರಬೇಕು. ಮಕ್ಕಳು ದೂರದಿಂದ ಶಬ್ದವನ್ನು ಎಣಿಸಲಿ. ನಾಲ್ಕು ವರ್ಷ ತುಂಬದ ಕೂಸಿಗೆ ಅರಳನ್ನು ಕೊಡಲೇಬಾರದು, ಗಂಟಲಿಗೆ ಸಿಕ್ಕಿಕೊಂಡೀತು.

ಒಣಗಿಹೋದ ಕಾಳನ್ನು ಎಸೆಯಬೇಕಾಗಿಲ್ಲ. ಡಬ್ಬಿಗೆ ಒಂದು ಚಮಚ ನೀರು ಚಿಮುಕಿಸಿ, ಬಿಗಿಯಾಗಿ ಮುಚ್ಚಿ, ಆಗಾಗ ಕುಲುಕುತ್ತ ಮೂರು ನಾಲ್ಕು ದಿನ ಇಟ್ಟರೆ ಬಹಳಷ್ಟು ಕಾಳು ಮತ್ತೆ ಅರಳುತ್ತದೆ. ಹುರಿಹಿಟ್ಟು ಮಾಡುವ ನಮ್ಮ ಅಜ್ಜಿಯರು ಹಿಂದಿನ ರಾತ್ರಿಯೇ ರಾಗಿಗೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದುದು ಇದೇ ಕಾರಣಕ್ಕಾಗಿ. ಮನೆಯಲ್ಲಿ ಹಿರಿಯರಿದ್ದರೆ, ಆ ರಾಗಿಯ ಕೆಲಸವನ್ನು ಮಗುವಿಗೆ ಅವರೇ ಒಮ್ಮೆ ಮಾಡಿ ತೋರಿಸಲಿ.