ವೀರಗಲ್ಲಿಗೆ ಬೀಗವೇಕೆ?

ಶಿವಮೊಗ್ಗೆಯಲ್ಲಿ ಶಿವಪ್ಪನಾಯಕನ ಅರಮನೆಯೆಂದು ಪ್ರಸಿದ್ಧವಾದ ಕಟ್ಟಡದ ಅಂಗಳದಲ್ಲಿ, ಸುತ್ತಲಿನ ಸೀಮೆಯ ವೀರಗಲ್ಲುಗಳೂ ಮಾಸ್ತಿಕಲ್ಲುಗಳೂ ದೇವತಾಮೂರ್ತಿಗಳೂ ಬಯಲಿನಲ್ಲಿಯೇ ನಿಂತಿವೆ. ಇಂತಹ ಶಿಲೆಗಳನ್ನು ಕಂಡೊಡನೆ ವಿದ್ಯಾವಂತರಲ್ಲಿ ಕೆಲವರು ಮರುಗುವುದುಂಟು. ಬಿಸಿಲುಮಳೆಗಳಿಗೆ ಒಡ್ಡಿದ ಕಲ್ಲು ಕೆಡುವುದು. ಆದುದರಿಂದ ಎಲ್ಲವನ್ನೂ ಒಳಗಿರಿಸಿ ಬೀಗವಿಕ್ಕಬೇಕು. ಬೇಸಗೆಯಲ್ಲಿ ಅಲ್ಲಿಗೆ ಬರುವವರಾದರೂ ಕಡಲೆಕಾಯಿ ತಿನ್ನುವ ಮಕ್ಕಳು ತಾನೆ ಎಂಬುದು ಅವರ ವಾದ. ಈ ಮರುಕದಲ್ಲಿ ಸೌಜನ್ಯವುಂಟು, ವಿಚಾರವು ಸಾಲದು.

ವೀರಗಲ್ಲು ಒಳಮನೆಗಾಗಿ ಕಡೆದ ವಸ್ತುವಲ್ಲ. ತುರುಗಳನ್ನು ಬಿಡಿಸಲು ಹೋಗಿ, ಅಥವಾ ಊರನ್ನು ಕಾಯಲು ನಿಂತು ಮಡಿದವನನ್ನು ಬರುವವರೂ ಹೋಗುವವರೂ ನೆನೆಯಲೆಂದು ಬಯಲಿನಲ್ಲಿ ನೆಟ್ಟ ಕಲ್ಲದು. ಅದರಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತುಗಳು: ಕೆಳಗೆ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವ ನೋಟ, ಮೇಲೆ ಶಿವಲಿಂಗದ ಸನ್ನಿಧಿ. ನಡುವಣ ಪಟ್ಟಿಗಳಲ್ಲಿ ಶಾಸನ. ಅಕ್ಷರವರಿಯದವನೂ ಓದಬಹುದಾದ ಪುಸ್ತಕವಿದು. ಪುಸ್ತಕವನ್ನು ಓದುಗರಿಂದ ದೂರವಿಡುವುದು ರಕ್ಷಣೆಯೆನಿಸದು.

ಓದಿಗೆ ಬೆಳಕು ಬೇಕು. ಅದೂ ಓರೆಯಾದ ಬೆಳಕು. ಸವೆದ ಅಕ್ಷರವು ನಡುಹಗಲಿನಲ್ಲಿ ಕಣ್ಣಿಗೆ ಸಿಕ್ಕದು. ಬೆಳಗಿನ ಎಳೆಬಿಸಿಲು, ಸಂಜೆಯ ಇಳಿಬಿಸಿಲು ಕಲ್ಲಿನ ಮೈಯನ್ನು ಸವರಿಕೊಂಡು ಬಿದ್ದಾಗ ಗೆರೆಗೆರೆಯಲ್ಲಿಯೂ ನೆರಳು ತುಂಬಿ ಅದೇ ಅಕ್ಷರವು ಎದ್ದು ನಿಲ್ಲುವುದು. ಮಲೆನಾಡಿನ ಅಂಚಿನ ಶಿವಮೊಗ್ಗೆಗೆ ಮಳೆಗಾಲದಲ್ಲಿ ಅಂತಹ ಬೆಳಕು ದುರ್ಲಭ, ಬೇಸಗೆಯಲ್ಲಿ ಧಾರಾಳ. ಪಾಠಶಾಲೆಗಳಿಗೆ ರಜವೂ ಆಗಲೇ. ಕಡಲೆಕಾಯಿ ತಿನ್ನುತ್ತ ಬಂದ ಬಾಲಕನು ಹತ್ತು ಸಂಜೆ ಒಂದೇ ಕಲ್ಲಿನೆದುರು ನಿಂತರೆ, ಹನ್ನೊಂದನೆಯ ದಿನ ಅಲ್ಲಿ ಏನು ಬರೆದಿದೆಯೆಂದು ಕೇಳಿಯೇ ಕೇಳುವನು. ಬೀಗ ಹಾಕಿದ ಕೋಣೆಯು ಅವನಿಂದ ಆ ಪ್ರಶ್ನೆಯನ್ನು ಹುಟ್ಟಿಸಲಾರದು.

ಹಾಗಾದರೆ ಬಿಸಿಲುಮಳೆಗಳಿಂದ ಹಾನಿಯೇ ಇಲ್ಲವೆ? ಉಂಟು. ಹೊಯ್ಸಳ ಶಿಲ್ಪಿಗಳು ಮೆಚ್ಚಿದ ಬಳಪದ ಕಲ್ಲು ಮೃದುವಾದುದು; ಅದರ ಸೂಕ್ಷ್ಮವಾದ ಕೆತ್ತನೆಗೆ ಸೂರು ಅವಶ್ಯ. ಆದರೆ ಗಟ್ಟಿಯಾದ ಕಲ್ಲಿಗೂ ಅದೇ ವಿಧಿಯನ್ನು ಅನ್ವಯಿಸುವುದು ನ್ಯಾಯವಲ್ಲ. ನಾರ್ವೆ ದೇಶದ ಓಸ್ಲೋ ನಗರದಲ್ಲಿ ಗುಸ್ತಾವ್ ವಿಗೆಲಾಂಡ್ (1869-1943) ಎಂಬ ಶಿಲ್ಪಿಯು ರೂಪಿಸಿದ ಇನ್ನೂರಕ್ಕೂ ಹೆಚ್ಚು ಕೃತಿಗಳು, ಗ್ರಾನೈಟಿನವೂ ಕಂಚಿನವೂ, ಹಿಮ ಸುರಿಯುವ ಉದ್ಯಾನದಲ್ಲಿಯೇ ನಿಂತಿವೆ. ಅಲ್ಲಿ ಪ್ರವೇಶಕ್ಕೆ ಹಣವಿಲ್ಲ, ಹಗಲಿರುಳೂ ಬಾಗಿಲಿಲ್ಲ. ಹಿಮವನ್ನು ತಾಳಿದ ಕಲ್ಲನ್ನು ಕಂಡ ಮೇಲೂ ನಮ್ಮ ಬಿಸಿಲಿಗೆ ಅಂಜಬೇಕೆ?

ಕಲ್ಲಿನ ನಿಜವಾದ ಶತ್ರು ಬೇರೆ. ಅಕ್ಷರಗಳ ಮೇಲೆ ಬಳಿಯುವ ಸುಣ್ಣ, ಮೂರ್ತಿಗೆ ಹಚ್ಚುವ ಎಣ್ಣೆಬಣ್ಣ, ಎಲ್ಲಕ್ಕಿಂತ ಮಿಗಿಲಾಗಿ ಮರೆವು. ಬೆಂಗಳೂರಿನ ಹೆಬ್ಬಾಳದಲ್ಲಿ ಕಿತ್ತಯನೆಂಬವನ ಹೆಸರುಳ್ಳ, 8ನೆಯ ಶತಮಾನದ ಶಾಸನಶಿಲೆಯು 2018ರಲ್ಲಿ ಚರಂಡಿಗಾಗಿ ನೆಲವನ್ನಗೆದಾಗ ಹೊರಬಿದ್ದಿತು. ಅದನ್ನು ಮಣ್ಣುಪಾಲು ಮಾಡಿದ್ದುದು ಬಿಸಿಲೂ ಅಲ್ಲ, ಮಳೆಯೂ ಅಲ್ಲ. ಅದೇನೆಂದು ತಿಳಿದವರು ನೆರೆಯಲ್ಲಿ ಉಳಿದಿರಲಿಲ್ಲ, ಅಷ್ಟೆ.

ಆದುದರಿಂದ ಬೇಕಾದುದು ಬೀಗವಲ್ಲ. ಶಿಲೆಗಳು ನೆಲದ ತೇವ ತಾಗದಂತೆ ಜಗಲಿಯ ಮೇಲೆ ನಿಲ್ಲಲಿ. ಮೃದುವಾದವುಗಳಿಗೆ ಮಾಡು ಏಳಲಿ. ಪ್ರತಿಯೊಂದರ ಬಳಿಯಲ್ಲಿಯೂ ಅದು ಯಾವ ಊರಿನದು, ಯಾವ ಕಾಲದ್ದು, ಅದರಲ್ಲಿ ಏನು ಬರೆದಿದೆ ಎಂಬುದನ್ನು ಇಂದಿನ ಕನ್ನಡದಲ್ಲಿ ಬರೆದ ಫಲಕವಿರಲಿ. ಎಳೆಬಿಸಿಲಿಗೂ ಇಳಿಬಿಸಿಲಿಗೂ ಬಾಗಿಲು ತೆರೆದಿರಲಿ. ಇವು ಅಧಿಕಾರಿಗಳು ಮಾಡಬೇಕಾದುವು. ವಿದ್ಯಾವಂತ ಗೃಹಸ್ಥರು ಮಾಡಬೇಕಾದುದು ಇನ್ನೂ ಸುಲಭ: ಈ ಬೇಸಗೆಯಲ್ಲಿ ಮನೆಯ ಮಕ್ಕಳ ಕೈ ಹಿಡಿದು ತಮ್ಮ ಊರಿನ ವೀರಗಲ್ಲಿನವರೆಗೆ ನಡೆದುಹೋಗಿ, ಅದರ ಮೊದಲನೆಯ ಸಾಲನ್ನಾದರೂ ಓದಿಸಲಿ.