ಎಮ್ಮಿಗೆ ಗಾಡಿ ಬರ್ತೈತಿ, ನಡ ಮುರಿದ ಮನಷ್ಯಾಗ ಯಾಕಿಲ್ಲ?

ಈ ವಾರ ಕಡ್ಲಿ ಕಾಯಿಕೊರಕ ಹುಳದ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರ. ಇವತ್ತಿನ ಮಾತು ಬ್ಯಾರೇನ ಐತಿ. ಸ್ವಲ್ಪ ಸಿಟ್ಟಿನ್ಯಾಗ ಬರದೀನಿ, ಆದ್ರೂ ಕಡೀತನಕ ಓದ್ರಿ.

ದನಕ್ಕ ಆರಾಮ ಇಲ್ಲಂದ್ರ ನಾವು 1962ಕ್ಕ ಫೋನ್ ಹಚ್ಚತೀವಿ. ಪಶು ಸಂಜೀವಿನಿ ಗಾಡಿ ಡಾಕ್ಟರನ್ನ, ಔಷಧಾನ ಹೊತಗೊಂಡು ದನದ ಕೊಟ್ಟಿಗಿಗೇ ಬರೂದು ಅಂತ ಯೋಜನೆ ಐತಿ. ಚೊಲೋ ಯೋಜನೆ, ನಾನು ಅದರ ವಿರುದ್ಧ ಇಲ್ಲ. ಎಮ್ಮಿ ನೆಲ ಹಿಡೀತಂದ್ರ ಅದನ್ನ ಎತ್ತಿ ದವಾಖಾನಿಗೆ ಒಯ್ಯಾಕ ರೈತನ ಕೈಲೆ ಆಗೂದಿಲ್ಲ ಅನ್ನೂದು ಸರ್ಕಾರಕ್ಕ ತಿಳದೈತಿ. ಅದ ಮಾತು ನೆಲ ಹಿಡಿದ ಮನಷ್ಯಾನ ವಿಷಯದಾಗ ಯಾಕ ತಿಳೀವಲ್ದು?

108 ಐತೆಲ್ಲಾ ಅಂತೀರಿ. ಐತಿ. 2008ರಾಗ ಶುರು ಆದಾಗಿಂದ ಎಷ್ಟೋ ಜೀವ ಉಳಿಸೇತಿ. ಆದ್ರ ಅದು ತುರ್ತು ಗಾಡಿ. ಎದಿ ನೋವು, ಹೆರಿಗಿ ನೋವು, ಹಾವು ಕಡದದ್ದು, ಅಪಘಾತ ಇಂಥಾದ್ದಕ್ಕ. ತಿಂಗಳಾ ತಿಂಗಳಾ ಡ್ರೆಸ್ಸಿಂಗಿಗೆ ಹೋಗವ್ರಿಗೆ, ಫಿಜಿಯೋಥೆರಪಿಗೆ ಹೋಗೋ ಹುಡುಗುರಿಗೆ ಅದು ಬರೂದಿಲ್ಲ, ಬರಲೂಬಾರದು. ಡ್ರೆಸ್ಸಿಂಗಿಗೆ ಅದನ್ನ ಒಯ್ದರ ಅತ್ತಾಗ ಹಾವು ಕಡಿದಾಂವ ಕುಂತ ಕಾಯಬೇಕು. ಹಡೆದ ಬಾಣಂತಿ, ಕೂಸನ್ನ ಮನಿಗೆ ಬಿಡಾಕ ನಗು-ಮಗು ಅಂತ ಬ್ಯಾರೆ ಗಾಡಿ ಮಾಡ್ಯಾರ. ಅಂದ್ರ ತುರ್ತು ಇಲ್ಲದ ರೋಗಿಗೂ ಸರ್ಕಾರ ಗಾಡಿ ಕೊಡಬಹುದು ಅನ್ನೂದು ಈ ರಾಜ್ಯದಾಗ ಹೊಸಾ ಮಾತೇನಲ್ಲ.

ಈಗ ನನ್ನ ತಮ್ಮನ ವಿಷಯ. ಆರು ವರ್ಷದ ಹಿಂದ ಕಬ್ಬಿನ ಟ್ರ್ಯಾಲಿ ಮ್ಯಾಲಿಂದ ಬಿದ್ದ, ಬೆನ್ನಹುರಿಗೆ ಪೆಟ್ಟಾತು. ನಡದ ಕೆಳಗ ಚಿವುಟಿದ್ರೂ ಗೊತ್ತಾಗೂದಿಲ್ಲ. ಮೂತ್ರದ ಪೈಪ್ ಬದಲಿ ಮಾಡಸಬೇಕು. ಮಲಗಿ ಮಲಗಿ ಬೆನ್ನ ಕೆಳಗ ಹುಣ್ಣು ಆಗತಾವು, ಅದನ್ನ ತೋರಸಬೇಕು. ದವಾಖಾನಿಯೊಳಗ ಸರ್ಕಾರಿ ಇಲಾಜು ಪುಕಟೆ, ಖರೆ. ಅಲ್ಲಿತನಕ ಹೋಗೂದು ಪುಕಟೆ ಅಲ್ಲ. ಚಚಡಿಯಿಂದ ಬೆಳಗಾವಿಗೆ ಹೋಗಿ ಬರಾಕ ಬಾಡಿಗಿ ಗಾಡಿಯಾಂವ ಎರಡೂವರೆ ಸಾವಿರ ಕೇಳ್ತಾನ. ಇವನ ಪಿಂಚಣಿ ತಿಂಗಳಿಗೆ 1400. ಎತ್ತಿ ಕುಂದರಸಾಕ ಇಬ್ಬರು ಗಂಡಸರು ಬೇಕು, ಅವತ್ತಿನ ಹೊಲದ ಕೆಲಸ ಹಾಳು. ಹಿಂಗಾಗಿ ಹೋದ ಸುಗ್ಗಿಯೊಳಗ ಎರಡು ಸಲ ಹೋಗಾಕ ಆಗಲಿಲ್ಲ. ಹುಣ್ಣು ಕೀವು ಕಟ್ಟಿತು, ಚಳಿ ಜ್ವರ ಬಂದು ಮಾತು ತೊದಲಾಕ ಹತ್ತಿದಾ. ಆವಾಗ 108 ಬಂತು. ಪುಕಟೆ ಒಯ್ತು. ಡ್ರೈವರ್ ಪಾಪ ಸ್ಟ್ರೆಚರಿಗೆ ತಾನ ಹೆಗಲು ಕೊಟ್ಟ. ಒಂಬತ್ತು ದಿನ ವಾರ್ಡಿನಾಗ ಮಲಗಿಸಿ ಸಲೈನು, ಇಂಜೆಕ್ಷನ್ನು.

ಈ ಲೆಕ್ಕ ನನಗ ತಿಳೀವಲ್ದು. ಹುಣ್ಣು ಸಣ್ಣದು ಇದ್ದಾಗ ಒಯ್ಯಾಕ ಸರ್ಕಾರದ ಹತ್ರ ಗಾಡಿ ಇಲ್ಲ. ಕೊಳತು ಜೀವಕ್ಕ ಬಂದಾಗ ಗಾಡಿ ಐತಿ, ಹಾಸಿಗಿ ಐತಿ, ಒಂಬತ್ತು ದಿನದ ಔಷಧ ಐತಿ. ನಾವು ಯಾರರ ಹಿಂಗ ಒಕ್ಕಲತನ ಮಾಡ್ತೀವೇನ್ರಿ? ಹುಳ ಕಂಡಾಗ ಸುಮ್ನಿದ್ದು, ಬೆಳಿ ಪೂರಾ ತಿಂದ ಮ್ಯಾಲೆ ಪಂಪ್ ಹೊತಗೊಂಡು ಹೋಗೂದು?

ಬಸ್ ಪಾಸ್ ಐತೆಲ್ಲಾ ಅಂತ ಕೆಲವರು ಅಂತಾರ. ಐತಿ, ವರ್ಷಕ್ಕ 660 ರೂಪಾಯಿ, 100 ಕಿಲೋಮೀಟರ್ ತನಕ. 2023ರ ಜೂನ್ 11ರಿಂದ ಶಕ್ತಿ ಯೋಜನೆಯೊಳಗ ಹೆಣ್ಣುಮಕ್ಕಳಿಗೆ ಟಿಕೆಟ್ಟೂ ಇಲ್ಲ, ಹಂಗಾಗಿ ನನ್ನ ತಮ್ಮನ ಹೆಂಡತಿ ಜೋಡಿ ಹೋಗಾಕ ರೊಕ್ಕ ಬೇಕಾಗಿಲ್ಲ. ಎಲ್ಲಾ ಖರೆ. ಆದ್ರ ಪಾಸು ಬಸ್ ಹತ್ತಾಕ ಬಂದವರಿಗೆ. ನಮ್ಮ ಕಡೆ ಬಸ್ಸಿನ ಮೊದಲನೇ ಪಾವಟಿಗಿ ಮೊಣಕಾಲಮಟ ಇರತೈತಿ. ಮೊದಲ ಅಂಗವಿಕಲರು ಅಂದ್ರು, ಆಮ್ಯಾಲೆ ವಿಕಲಚೇತನರು ಅಂದ್ರು, ಈಗ ವಿಶೇಷಚೇತನರು ಅಂತಾರ. ಹೆಸರು ಮೂರು ಸಲ ಬದಲಿ ಆತು, ಪಾವಟಿಗಿ ಒಂದ ಗೇಣೂ ಕೆಳಗ ಇಳೀಲಿಲ್ಲ. ಮೋಟಾರ್ ಹಚ್ಚಿದ ಮೂರು ಗಾಲಿ ಗಾಡಿ ಕೊಡೂದೂ ಕೈಯಾಗ ಕಸುವು ಇದ್ದವರಿಗೆ.

ಮನಸ್ಸು ಮಾಡಿದ್ರ ಆಗೂದಿಲ್ಲ ಅನ್ನೂದು ಸುಳ್ಳು. 2024ರ ಲೋಕಸಭಾ ಚುನಾವಣ್ಯಾಗ ನೂರಕ್ಕ 40ಕ್ಕಿಂತ ಹೆಚ್ಚು ಅಂಗವಿಕಲತೆ ಇದ್ದವರು 12ಡಿ ಫಾರ್ಮ್ ತುಂಬಿ ಕೊಟ್ಟರ ವೋಟು ಹಾಕಸಾಕ ಸಿಬ್ಬಂದಿನ ಮನಿಗೆ ಬರೂವಂಗ ಮಾಡಿದ್ರು. ಕ್ಯಾಮೆರಾ, ಪೆಟಿಗಿ, ಪೊಲೀಸರು ಸೈತ. ಭರತ ಹುಣ್ಣಿವಿಗೆ ಯಲ್ಲಮ್ಮನ ಗುಡ್ಡಕ್ಕ ಸ್ಪೆಷಲ್ ಬಸ್ ಬಿಡ್ತಾರ. ಐದು ವರ್ಷಕ್ಕೊಮ್ಮೆ ವೋಟಿಗೆ ಹಾಸಿಗಿತನಕ ಬರಾಕ ದಾರಿ ಗೊತ್ತೈತಿ ಅಂದ್ರ, ತಿಂಗಳಿಗೊಮ್ಮೆ ಇಲಾಜಿಗೆ ಬರಾಕ ದಾರಿ ತಪ್ಪತೈತೇನು?

ಕಾನೂನೂ ನಮ್ಮ ಕಡೆನ ಐತಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಕಲಮು ತೆಗೆದು ನೋಡ್ರಿ. ಆದಾಯ ಮಿತಿಯೊಳಗ ಇದ್ದವರಿಗೆ ಹತ್ತಿರದಾಗ, ಅದರಾಗೂ ಹಳ್ಳ್ಯಾಗ, ಪುಕಟೆ ಆರೋಗ್ಯ ಸೇವೆ ಕೊಡಬೇಕು ಅಂತ ಬರದಾರ. ಹತ್ತಿರ ಕೊಡಾಕ ಆಗಲಿಲ್ಲಂದ್ರ ದೂರದ್ದಕ್ಕ ಒಯ್ದು ಬಿಡ್ರಿ, ನಾ ಕೇಳೂದು ಇಷ್ಟ. ಇಂಗ್ಲೆಂಡಿನಾಗ ನಡೀಲಾರದ ರೋಗಿಗೆ ಆಂಬುಲೆನ್ಸ್ ಬಿಟ್ಟು ಬ್ಯಾರೆ ಗಾಡಿನ ಅದಾವು, ಮೊದಲ ಹೇಳಿಟ್ಟರ ಮನಿಗೆ ಬಂದು ಒಯ್ದು ತಿರುಗಿ ತಂದು ಬಿಡ್ತಾವು. ಅಮೆರಿಕಾದಾಗೂ ಬಡವರ ಆರೋಗ್ಯ ಯೋಜನೆಯೊಳಗ ದವಾಖಾನಿಗೆ ಹೋಗಿ ಬರೋ ದಾರಿನೂ ಸೇರೇತಿ.

"ಒಬ್ಬನ ಸಲುವಾಗಿ ಯಾರು ಗಾಡಿ ಬಿಡ್ತಾರ್ರಿ" ಅಂತ ಕಟ್ಟಿ ಮ್ಯಾಲೆ ಕುಂತವರು ನಮ್ಮವರ ಅಂದ್ರು. ಒಬ್ಬಾಂವ ಎಲ್ಲಿ? ನಿಮ್ಮ ಓಣ್ಯಾಗ ಎಣಿಸಿ ನೋಡ್ರಿ. ಲಕ್ವಾ ಹೊಡೆದ ಮುದುಕರು, ಹುಟ್ಟಿದಾಗಿಂದ ಕೈಕಾಲು ಸೆಟೆದ ಕೂಸುಗಳು. ಹೊರಗ ಕಾಣೂದಿಲ್ಲ ಅವರು, ಯಾಕಂದ್ರ ಹೊರಗ ಬರಾಕ ಆಗೂದಿಲ್ಲ. ಹಾಲಿನ ಗಾಡಿ ಹೆಂಗ ನಡೀತೈತಿ? ಒಂದ ಕ್ಯಾನಿನ ಸಲುವಾಗಿ ಬರೂದಿಲ್ಲ. ಊರೂರು ಸುತ್ತಿ ಎತ್ತಗೊಂಡು ಹೋಗತೈತಿ, ಹೊತ್ತು ನಿಗದಿ ಇರತೈತಿ. ತಾಲೂಕಿಗೆ ಒಂದ ಗಾಡಿ ಇರಲಿ, ಹಿಂದಿನ ಬಾಗಲಕ್ಕ ಗಾಲಿಕುರ್ಚಿ ಏರೂವಂಗ ಇಳಿಜಾರಿನ ಹಲಗಿ. ಸೋಮವಾರ ಈ ನಾಕು ಹಳ್ಳಿ, ಮಂಗಳವಾರ ಆ ನಾಕು. ದವಾಖಾನಿಯವರೂ ಅವತ್ತ ಇವರನ್ನ ಮೊದಲ ನೋಡಲಿ. ದುರುಪಯೋಗ ಆಗತೈತಿ ಅನ್ನವ್ರಿಗೆ: ಯುಡಿಐಡಿ ಕಾರ್ಡಿನ್ಯಾಗ ಫೋಟೋ, ಪ್ರಮಾಣ ಎಲ್ಲಾ ಐತಿ. 1962ಕ್ಕ ಇಲ್ಲದ ಅನುಮಾನ ಇಲ್ಲೇ ಯಾಕ?

ರೊಕ್ಕದ ಮಾತು. ಗ್ರಾಮ ಪಂಚಾಯ್ತಿ ತನ್ನ ಸ್ವಂತ ಉತ್ಪನ್ನದಾಗ ನೂರಕ್ಕ 5 ಅಂಗವಿಕಲರಿಗೆ ಖರ್ಚು ಹಾಕಬೇಕು ಅಂತ ನಿಯಮ ಐತಿ. ನಾಕು ಪಂಚಾಯ್ತಿ ಕೂಡಿದ್ರ ಡೀಸೆಲ್ಲಿನ ಭಾರ ಸ್ವಲ್ಪರ ಇಳೀತೈತಿ. ಗಾಡಿ, ಡ್ರೈವರ್ ಪಗಾರ ಮಾತ್ರ ಸರ್ಕಾರದ್ದ. ಅದನ್ನ ಪಂಚಾಯ್ತಿ ಮ್ಯಾಲೆ ಹಾಕಿ ಕೈ ತೊಳಕೊಳ್ಳಾಕ ಬಿಡಬ್ಯಾಡ್ರಿ.

ಮುಂದಿನ ಗ್ರಾಮಸಭೆಯೊಳಗ ನಾನು ಇದನ್ನ ಠರಾವು ಮಾಡಾಕ ಹಚ್ಚೂವನಿದ್ದೀನಿ. ಬಾಯಿಮಾತಿಗೆ ಯಾರೂ ಬೆಲಿ ಕೊಡೂದಿಲ್ಲ, ಯಾದಿ ಬೇಕು. ಪಂಚಾಯ್ತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರತಾರ, ಅವರನ್ನ ಕಂಡು ನಿಮ್ಮ ಮನ್ಯಾಗ, ಬಾಜು ಮನ್ಯಾಗ ಯಾರದಾರ, ಯಾವ ದವಾಖಾನಿಗೆ, ತಿಂಗಳಿಗೆ ಎಷ್ಟು ಸಲ ಹೋಗಬೇಕು ಅಂತ ಬರಸ್ರಿ. ಎಷ್ಟು ಸಲ ಹೋಗಾಕ ಆಗಲಿಲ್ಲ ಅನ್ನೂದನ್ನೂ ಬರಸ್ರಿ. ಇನಾಮಹೊಂಗಲ, ಮುರಗೋಡ ಕಡೆಯವರು ನಿಮ್ಮ ನಿಮ್ಮ ಪಂಚಾಯ್ತ್ಯಾಗ ಇದನ್ನ ಮಾಡ್ರಿ. ಯಾದಿ ಕೂಡಿದ ಮ್ಯಾಲೆ ತಾಲೂಕು ಆಫೀಸಿಗೆ ಒಟ್ಟಿಗೆ ಹೋಗೂಣು. ಟ್ರ್ಯಾಕ್ಟರ್ ನಂದು.